ಹನ್ನೊಂದು ಉಸಿರು

ನೀಲಾಂಬಿಕೆ ಹೊಳೆದಂಡೆಯ ಆಶ್ರಮಕ್ಕೆ ಬಂದಾಗ ಅವಳ ಬೆನ್ನಿಗೆ ನಾಲ್ವರಿದ್ದರು. ಇಬ್ಬರದು ಪಿಟೀಲು, ಒಬ್ಬನದು ಸಾರಂಗಿ, ಇನ್ನೊಬ್ಬನದು ಸಿತಾರ್.

ಹತ್ತು ವರ್ಷ ಅವಳು ಆರ್ಕೆಸ್ಟ್ರಾದಲ್ಲಿ ಹಳೆಯ ಚಿತ್ರಗೀತೆ ಹಾಡಿದವಳು. ದೊಡ್ಡ ಗಾಯಕಿಯೊಬ್ಬರ ಹೆಸರಿಗೆ ‘ಜೂನಿಯರ್’ ಅಂಟಿಸಿ ಇವಳನ್ನು ವೇದಿಕೆಗೆ ಕರೆಯುತ್ತಿದ್ದರು. ಚಪ್ಪಾಳೆಗೇನೂ ಕೊರತೆಯಿರಲಿಲ್ಲ. ಇವಳ ಸ್ವಂತ ಹೆಸರು ಮಾತ್ರ ಯಾರ ಬಾಯಲ್ಲೂ ಬರುತ್ತಿರಲಿಲ್ಲ, ಅದೇ ಒಳಗೊಳಗೆ ಕೊರೆಯುತ್ತಿತ್ತು.

ಈಗ ಅವೇ ಹಾಡುಗಳನ್ನು ತಂತಿವಾದ್ಯಗಳ ಜೊತೆ ತನ್ನದೇ ರೀತಿಯಲ್ಲಿ ಹಾಡಲು ಹೊರಟಿದ್ದಳು. ಕಛೇರಿಗೆ ಮೂರೇ ದಿನ. ಎಷ್ಟು ತಿದ್ದಿದರೂ ಹಾಡು ಆ ಗಾಯಕಿಯದಾಗಿಯೇ ಕೇಳುತ್ತಿತ್ತು. ಈ ಸಲವೂ ಹಾಗೇ ಆದರೆ ಮತ್ತೆ ಹಳೆಯ ವೇದಿಕೆಯೇ ಗತಿ ಎಂಬ ಭಯ ಅವಳನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ.

“ಎಲ್ಲಾ ಬದಲಿ ಮಾಡೀನ್ರಿ ಗುರುಗಳ,” ಎಂದಳು ಆಶ್ರಮದ ರುದ್ರಯ್ಯ ಗವಾಯಿಗಳಿಗೆ. “ತಾಳ, ಶ್ರುತಿ, ವಾದ್ಯ. ಏನೂ ಉಳಿಸಿಲ್ರಿ.”

ಗವಾಯಿಗಳು ಹಾಡಲು ಹೇಳಿ ಕಣ್ಣು ಮುಚ್ಚಿದರು. ಅವಳು ಉಸಿರೆಳೆದಾಗಲೆಲ್ಲ ಒಂದೊಂದು ಬೆರಳು ಮಡಚಿದರು. ಹತ್ತು ಬೆರಳೂ ಮುಗಿದು ಮತ್ತೆ ಮೊದಲನೆಯದಕ್ಕೆ ಬಂದಾಗ ಹಾಡು ಮುಗಿಯಿತು.

ಆಮೇಲೆ ಅವಳ ಮೊಬೈಲಿನಲ್ಲಿ ಮೂಲ ಹಾಡನ್ನು ಹಾಕಿಸಿದರು. ಆ ಗಾಯಕಿ ಉಸಿರೆಳೆದಾಗಲೆಲ್ಲ ಮತ್ತೆ ಬೆರಳು ಮಡಚಿದರು. ಅದೇ ಸಾಲಿನಲ್ಲಿ, ಅದೇ ಶಬ್ದದ ಬಳಿ, ಅವೇ ಹನ್ನೊಂದು ಉಸಿರು.

ನೀಲಾಂಬಿಕೆಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು.

“ಹಂಗಾದ್ರ ನಾ ಎಲ್ಲೆ ಉಸಿರು ತಗೋಬೇಕ್ರಿ?”

ಗವಾಯಿಗಳು ಮೂಲೆಯಲ್ಲಿದ್ದ ಕೊಡ ತೋರಿಸಿ, ಹೊಳೆಯಿಂದ ನೀರು ತರಬೇಕು, ಮೆಟ್ಟಿಲು ಹತ್ತುತ್ತಲೇ ಹಾಡಬೇಕು, ಎಲ್ಲೂ ನಿಲ್ಲಬಾರದು ಎಂದರು. ವಾದ್ಯದವರು ಮೆಟ್ಟಿಲ ಮೇಲೆ ಕೂತು ನುಡಿಸಬೇಕಂತೆ. ಗುರುಗಳ ಮನೆಯಲ್ಲಿ ಇವತ್ತು ನೀರು ತೀರಿರಬೇಕು ಎಂದು ಸಾರಂಗಿಯವನು ಪಿಸುಗುಟ್ಟಿದ. ಅವಳು ಗೊಣಗುತ್ತಲೇ ಇಳಿದು ಹೋದಳು.

ಅರವತ್ತು ಮೆಟ್ಟಿಲು. ತುಂಬಿದ ಕೊಡ ಸೊಂಟವನ್ನು ಒತ್ತುತ್ತಿತ್ತು. ಅರ್ಧ ಹತ್ತುವಷ್ಟರಲ್ಲಿ ಹಾಡು ಪಲ್ಲವಿಗೆ ಮರಳಿತು: ‘ಹೋಗುವವನು ಹೋಗಲಿ, ಬಾಗಿಲು ತೆರೆದೇ ಇರಲಿ.’ ‘ಹೋಗಲಿ’ ಎಂದ ಮೇಲೆ ಎಂದಿನಂತೆ ಉಸಿರೆಳೆದಳು. ಅದು ಸಾಲಲಿಲ್ಲ.

“ಬಾಗಿಲು...” ಎಂದಳು, ಅಷ್ಟೇ. ದಮ್ಮು ಮುಗಿಯಿತು. ಗಾಬರಿಯಾದ ಪಿಟೀಲಿನವರು ಕಮಾನು ಎತ್ತಿಬಿಟ್ಟರು, ಸಾರಂಗಿ, ಸಿತಾರೂ ನಿಂತವು. ಮೂರು ಮೆಟ್ಟಿಲು ಹತ್ತುವವರೆಗೆ ಅವಳ ಕಾಲ ಸಪ್ಪಳ ಬಿಟ್ಟರೆ ಏನೂ ಇಲ್ಲ. ಆಮೇಲೆ ಏದುಸಿರಿನಲ್ಲೇ, “ತೆರೆದೇ ಇರಲಿ,” ಎಂದಳು.

ಮೇಲೆ ಬಂದು ಕೊಡ ಇಳಿಸುವಾಗ ಅವಳ ಕಣ್ಣು ತುಂಬಿತ್ತು.

“ತಪ್ಪಾತ್ರಿ ಗುರುಗಳ. ಸಾಲಿನ ನಡುವ ಉಸಿರು ಕೈ ಕೊಡ್ತು. ಇನ್ನೊಮ್ಮೆ ಹಾಡ್ತೀನ್ರಿ.”

ಗವಾಯಿಗಳು ಎದೆಯ ಮೇಲಿಟ್ಟ ಕೈ ಇನ್ನೂ ತೆಗೆದಿರಲಿಲ್ಲ.

“ಈ ಹಾಡು ಕೇಳಾಕತ್ತು ನಲವತ್ತು ವರ್ಷಾತವ್ವಾ. ಬಾಗಿಲಾ ಹಾಕೇಬಿಟ್ಲೇನೋ ಅಂತ ಎದಿ ಝಲ್ಲಂದಿದ್ದು ಇವತ್ತ ಮೊದಲು.”