ಹಸಿರು ದಾರವಿಲ್ಲದ ಪೆಟ್ಟಿಗೆಗಳು

“ಉಸ್ತಾದ್, ಮನಸ್ಸಿನಲ್ಲಿ ಅನುಮಾನ ಇಟ್ಟುಕೊಂಡೇ ಒಂದು ಕೆಲಸ ಮಾಡಿದೆ. ಆಮೇಲೆ ನೋಡಿದರೆ ಅದು ಸರಿಯಾಗಿಯೇ ಇತ್ತು. ಯಾರಿಗೂ ಕೇಡಾಗಲಿಲ್ಲ. ಆದರೂ ನನಗೆ ಸಮಾಧಾನವಿಲ್ಲ. ಯಾಕೆ?”

ಕೇಳಿದವನು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬ ಶಿಷ್ಯ. ವೈದ್ಯರ ಬರಹ ಓದಲಾಗದೆ, ಊಹೆಯ ಮೇಲೆ ಒಬ್ಬ ರೋಗಿಗೆ ಮಾತ್ರೆ ಕೊಟ್ಟು ಕಳಿಸಿದ್ದ. ಮಾರನೆಯ ದಿನ ವಿಚಾರಿಸಿದಾಗ ಅದು ಸರಿಯಾದ ಮಾತ್ರೆಯೇ ಎಂದು ತಿಳಿದಿತ್ತು.

ಉಸ್ತಾದರು ಅವನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಗಡಿಯ ಹತ್ತಿರ ಒಂದು ನಗರ. ತೀರ ದೊಡ್ಡದಲ್ಲ, ಸಣ್ಣದೂ ಅಲ್ಲ. ಅಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಕೇಳುತ್ತಿತ್ತು. ದಂಡಿನ ಸಿಪಾಯಿಗಳಿದ್ದರು, ಕೋರ್ಟಿನ ವಕೀಲರಿದ್ದರು, ಹೊರದೇಶದಿಂದ ವೈದ್ಯಕೀಯ ಓದಲು ಬಂದವರಿದ್ದರು. ಆ ನಗರದಲ್ಲಿ ದಿಲ್‌ಶಾದ್ ಎಂಬ ಹೆಂಗಸು ಮದುವೆ ಮನೆಗಳಿಗೆ ಅಡುಗೆ ಮಾಡಿಕೊಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅದೇ ಕೆಲಸದಿಂದ ಮಕ್ಕಳನ್ನು ಓದಿಸಿದ್ದಳು. ಅವಳ ಕೈಯಡುಗೆ ಉಂಡವರು ಊರ ತುಂಬ ಇದ್ದರು.

ದೂರದ ದೊಡ್ಡ ಊರಿನ ಒಂದು ಕಂಪನಿಯವರು ಆ ನಗರದಲ್ಲಿ ತಮ್ಮ ಹೆಸರಿನ ಹೋಟೆಲು ನಡೆಸಲು ಯಾರಾದರೂ ಸಿಗುತ್ತಾರೆಯೇ ಎಂದು ಹುಡುಕುತ್ತಿದ್ದರು. ಹೆಸರು ಅವರದು, ಅಡುಗೆಯ ಕ್ರಮ ಅವರದು. ಹಾಕುವ ದುಡ್ಡು, ನಡೆಸುವ ಹೊಣೆ ಇಲ್ಲಿಯವರದು. ಗಾಜಿನ ಹಿಂದೆ ಅನ್ನ, ಸುಟ್ಟ ಕೋಳಿ, ಸೊಪ್ಪು, ಚಟ್ನಿ ಸಾಲಾಗಿ ಇಟ್ಟಿರಬೇಕು. ಬಂದವರು ಬೇಕಾದದ್ದನ್ನು ಬೆರಳಿನಿಂದ ತೋರಿಸಿ, ಬಟ್ಟಲು ತುಂಬಿಸಿಕೊಂಡು, ಹೋಗಿ ಕೂತು ತಿನ್ನಬೇಕು. ಮಾಂಸವೆಲ್ಲ ಹಲಾಲ್ ಆಗಿರಬೇಕು. ದಿಲ್‌ಶಾದ್ ಗಂಡನ ಪಾಲಿಗೆ ಬಂದಿದ್ದ ಜಾಗ ಮಾರಿ ಆ ಹೋಟೆಲು ಹಿಡಿದಳು.

ಹಿಡಿದ ದಿನದಿಂದ ಅವಳ ಎದೆಯಲ್ಲಿ ಒಂದು ಕಲ್ಲು ಕೂತಿತು. ಬೋರ್ಡಿನ ಮೇಲೆ ಹಲಾಲ್ ಎಂದು ದೊಡ್ಡದಾಗಿ ಬರೆದರೆ ಕೆಲವರು ಒಳಗೆ ಬರುವುದಿಲ್ಲ ಎಂದು ನೆಂಟರು ಹೇಳಿದರು. ಸಣ್ಣದಾಗಿ ಬರೆದರೆ ಬರಬೇಕಾದವರೇ ನಂಬುವುದಿಲ್ಲ ಎಂದು ಬೇರೆ ನೆಂಟರು ಹೇಳಿದರು. ಯಾರಾದರೂ ಬಂದು ಗದ್ದಲ ಮಾಡಿದರೆ? ಯಾರೂ ಬರದೇ ಹೋದರೆ? ಕೊನೆಗೆ ಹೋಟೆಲಿನ ಹೆಸರಿನಷ್ಟೇ ದೊಡ್ಡದಾಗಿ ಆ ಮಾತನ್ನೂ ಬರೆಸಿದಳು. ಬರೆಸಿದ ಮೇಲೆ ರಸ್ತೆಯಲ್ಲಿ ಯಾರು ನಿಂತು ಬೋರ್ಡು ಓದಿದರೂ ಅವರ ಮುಖ ನೋಡತೊಡಗಿದಳು.

ಕೋಳಿ ಕೊಡಲು ಗೌಸ್‌ಸಾಬ ಎಂಬವರನ್ನು ಗೊತ್ತುಮಾಡಿಕೊಂಡಳು. ಅವರು ಪ್ರಾರ್ಥನೆ ಹೇಳಿ ಕೈಯಾರೆ ಕೊಯ್ಯುವವರು, ಊರಿಗೆಲ್ಲ ಗೊತ್ತಿದ್ದವರು. ಅವರ ಮಾಲು ಮಾರುಕಟ್ಟೆಯ ಶೀತಲ ಕೋಣೆಯಿಂದ ವ್ಯಾನಿನಲ್ಲಿ ಬರುತ್ತಿತ್ತು. ಅದೇ ಕೋಣೆಯಲ್ಲಿ ಬೇರೆಯವರ ಮಾಲೂ ಇರುತ್ತಿತ್ತು, ಯಂತ್ರದಲ್ಲಿ ಕೊಯ್ದದ್ದೂ ಇರುತ್ತಿತ್ತು. ಅದಕ್ಕೆ ಗೌಸ್‌ಸಾಬರು ತಮ್ಮ ಪೆಟ್ಟಿಗೆಗಳಿಗೆ ಹಸಿರು ದಾರ ಕಟ್ಟುತ್ತಿದ್ದರು. ದಾರ ಇದ್ದರೆ ಅವರ ಕೈಯದು. ಅಡುಗೆಮನೆಯ ಹೊಣೆ ಪುಂಡಲೀಕ ಎಂಬವನದು. ಮದುವೆ ಅಡುಗೆಯ ಕಾಲದಿಂದಲೂ ದಿಲ್‌ಶಾದಳ ಜೊತೆ ಇದ್ದವನು. ಅವನಿಗೆ ಅವಳು ಹೇಳಿದ್ದು ಇಷ್ಟೇ: “ದಾರ ಇಲ್ಲದ ಪೆಟ್ಟಿಗೆ ಒಳಗೆ ಬರಬಾರದು.”

ಹೋಟೆಲು ತೆರೆದದ್ದು ಶುಕ್ರವಾರ. ಅವಳು ಹೆದರಿದ ಯಾವುದೂ ಆಗಲಿಲ್ಲ. ಗದ್ದಲವಾಗಲಿಲ್ಲ. ಜನ ಬಂದರು, ಬರುತ್ತಲೇ ಇದ್ದರು. ಸಿಪಾಯಿಗಳು ಬಂದರು, ಕರಿಕೋಟಿನ ವಕೀಲರು ಬಂದರು, ಕಾಲೇಜಿನ ಹುಡುಗಿಯರು ಬಂದರು. ಸಾಲು ರಸ್ತೆಗೆ ಮುಟ್ಟಿತು. ಕಂಪನಿಯ ಮೇಲ್ವಿಚಾರಕ ಮೂಲೆಯ ಮೇಜಿನಲ್ಲಿ ಕೂತು ನೋಡುತ್ತಿದ್ದ. ಮೊದಲ ದಿನ ಬರಿಗೈಯಲ್ಲಿ ಹೋದವರು ಮತ್ತೆ ಬರುವುದಿಲ್ಲ, ಮಾಲು ಮುಗಿಯುವಂತಿಲ್ಲ ಎಂದು ಅವನು ಮೊದಲೇ ಎಚ್ಚರಿಸಿದ್ದ.

ಮಧ್ಯಾಹ್ನದ ಹೊತ್ತಿಗೆ ಕೋಳಿಯ ಪಾತ್ರೆ ತಳ ಕಂಡಿತು. ದಿಲ್‌ಶಾದ್ ಗೌಸ್‌ಸಾಬರಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಫೋನೇ ಬಂದ್ ಆಗಿತ್ತು. ಅಷ್ಟರಲ್ಲಿ ಹಿಂಬಾಗಿಲಿಗೆ ಒಂದು ವ್ಯಾನು ಬಂತು. ಅದರಲ್ಲಿ ನಾಲ್ಕು ಪೆಟ್ಟಿಗೆಗಳಿದ್ದವು. ಒಂದಕ್ಕೂ ಹಸಿರು ದಾರವಿರಲಿಲ್ಲ. ವ್ಯಾನಿನವನು ಹೊಸಬ.

“ಗೌಸ್‌ಸಾಬರದೇ. ಇಳಿಸಿಕೊಳ್ಳಿ, ನನಗೆ ಇನ್ನೂ ಬೇರೆ ಕಡೆ ಹೋಗಬೇಕು” ಎಂದ.

ಯಾರನ್ನು ಕೇಳಿದರೂ ಹಾಗೆಯೇ ಹೇಳುತ್ತಾರೆ ಎಂದು ಅವಳಿಗೆ ಅನಿಸಿತು. ಹೌದಿದ್ದರೂ ಇರಬಹುದು ಎಂದೂ ಅನಿಸಿತು. ಪುಂಡಲೀಕ ಪೆಟ್ಟಿಗೆಯ ಪಕ್ಕ ನಿಂತು ಅವಳ ಮುಖ ನೋಡಿದ.

“ಅಕ್ಕಾರ, ಹಾಕ್ಲೇನ್ರಿ?”

ಹೊರಗೆ ಸಾಲಿನಲ್ಲಿದ್ದ ಯಾರೋ ಎಷ್ಟು ಹೊತ್ತು ಎಂದು ಕೂಗಿದರು. ಮೇಲ್ವಿಚಾರಕ ಕುರ್ಚಿಯಿಂದ ಎದ್ದ. ದಿಲ್‌ಶಾದ್ ಹೂಂ ಎಂಬಂತೆ ತಲೆಯಾಡಿಸಿ ಹೊರಗೆ ಬಂದುಬಿಟ್ಟಳು.

ಹೊರಗೆ ಬಂದರೆ ಸಾಲಿನಲ್ಲಿ ಖುರ್ಷಿದ್ ಖಾಲಾ ನಿಂತಿದ್ದರು. ಅವರು ದಿಲ್‌ಶಾದಳ ಓಣಿಯ ಹಿರಿಯ ಹೆಂಗಸು. ಅವಳಿಗೆ ಚಿಕ್ಕಂದಿನಲ್ಲಿ ಕುರಾನ್ ಓದಲು ಕಲಿಸಿದವರು. ಹೋಟೆಲಿನ ಅನ್ನವನ್ನು ಅವರು ಜನ್ಮದಲ್ಲಿ ಮುಟ್ಟಿದವರಲ್ಲ. ಎಲ್ಲಿಯ ಮಾಂಸವೋ, ಯಾರ ಕೈಯದೋ ಎಂಬ ಅಂಜಿಕೆ. ಅವತ್ತು ಒಗೆದ ಬಿಳಿ ದುಪಟ್ಟ ಹೊದ್ದು, ನಡೆದುಕೊಂಡೇ ಬಂದಿದ್ದರು.

ದಿಲ್‌ಶಾದ್ ಓಡಿ ಹೋಗಿ, “ಖಾಲಾ, ನಿಮಗೆ ಬರೀ ಅನ್ನ, ಪಲ್ಯ ಹಾಕಿಸಲೇ? ಖಾರ ಕಡಿಮೆ ಇರುತ್ತದೆ” ಎಂದಳು.

“ಕೋಳಿ ತಿನ್ನಲಿಕ್ಕೇ ಬಂದೆ ಮಗಳೇ. ಬೇರೆ ಕಡೆ ಆದರೆ ಸಾವಿರ ಕೇಳುತ್ತಿದ್ದೆ. ಇಲ್ಲಿ ನೀನಿದ್ದೀಯಲ್ಲ, ನಾನು ಯಾಕೆ ಕೇಳಲಿ?”

ಅವರ ಬಟ್ಟಲಿಗೆ ಬಿದ್ದದ್ದು ಆ ಪೆಟ್ಟಿಗೆಗಳ ಕೋಳಿ. ಅವರು ಕೂತು, ಬಿಸ್ಮಿಲ್ಲಾ ಎಂದು, ನಿಧಾನವಾಗಿ ತಿಂದರು. ಅವರಿಗೆ ಹಲ್ಲು ಕಡಿಮೆ. ಒಂದೊಂದು ತುತ್ತಿಗೂ ಹೊತ್ತು ಹಿಡಿಯುತ್ತಿತ್ತು. ದಿಲ್‌ಶಾದ್ ಆ ಹೊತ್ತೆಲ್ಲ ಕಂಬ ಹಿಡಿದು ನೋಡುತ್ತ ನಿಂತಿದ್ದಳು. ಹೋಗಿ ಬಟ್ಟಲು ಕಿತ್ತುಕೊಳ್ಳಬೇಕು ಎನಿಸಿತು. ಆದರೆ ಕಂಬ ಬಿಡಲಿಲ್ಲ. ಖಾಲಾ ಬಟ್ಟಲು ಬರಿದು ಮಾಡಿ, ಅವಳ ತಲೆಯ ಮೇಲೆ ಕೈಯಿಟ್ಟು ಹೋದರು.

ಅಂದು ಹೋಟೆಲು ಗೆದ್ದಿತು. ಮೇಲ್ವಿಚಾರಕ ಕೈ ಕುಲುಕಿದ. ಅವಳಿಗೆ ಅಂದಿನಿಂದ ಊಟ ಸೇರಲಿಲ್ಲ.

ಗೌಸ್‌ಸಾಬರು ಜ್ವರ ಬಂದು ಮೀರಜಿನ ಮಗಳ ಮನೆಗೆ ಹೋಗಿದ್ದಾರೆ, ಬರುವುದು ತಡ ಎಂದು ತಿಳಿಯಿತು. ಅಲ್ಲಿಯವರೆಗೆ ಅವರ ತಮ್ಮ ಮಾಲು ಕಳಿಸುತ್ತಿದ್ದ. ಅವನನ್ನು ಕೇಳಬಹುದಾಗಿತ್ತು. ಅವಳು ಕೇಳಲಿಲ್ಲ. ಕೇಳಿದರೆ ಗೊತ್ತಾಗಿಬಿಡುತ್ತದೆ. ಗೊತ್ತಾಗದಿರುವಷ್ಟು ದಿನ ಅದು ಸರಿಯಿದ್ದರೂ ಇರಬಹುದು. ಫೋನು ಸದ್ದು ಮಾಡಿದರೆ ಬೆಚ್ಚಿ ಬೀಳುತ್ತಿದ್ದಳು. ಮಸೀದಿಯ ಕಡೆಯಿಂದ ಯಾರಾದರೂ ಹಿರಿಯರು ಹೋಟೆಲಿನತ್ತ ಬಂದರೆ ಒಳಗೆ ಹೋಗುತ್ತಿದ್ದಳು. ಪುಂಡಲೀಕ ಯಾರೊಡನೆ ಪಿಸುಮಾತಾಡಿದರೂ ಅದೇ ವಿಷಯ ಎನಿಸುತ್ತಿತ್ತು. ಅವನ ಮೇಲೆ ಸುಮ್ಮಸುಮ್ಮನೆ ರೇಗಿದಳು. ಖಾಲಾರ ಮನೆಯ ಮುಂದೆ ಹಾಯುವುದನ್ನು ಬಿಟ್ಟು, ಸುತ್ತಿನ ದಾರಿ ಹಿಡಿದಳು. ಖಾಲಾ ಮಾತ್ರ ಓಣಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ನಮ್ಮ ದಿಲ್‌ಶಾದಳ ಹೋಟೆಲಿಗೆ ಹೋಗಿ, ಏನೂ ಕೇಳಬೇಕಾಗಿಲ್ಲ ಎಂದು ಹೇಳುತ್ತಿದ್ದರು. ಅವರು ಹೇಳಿದ್ದರಿಂದಲೇ ಬಂದ ಮನೆಗಳು ಎಷ್ಟೋ.

ಕೊನೆಗೆ ಒಂದು ದಿನ ಗೌಸ್‌ಸಾಬರು ಬಂದರು. ಸೊರಗಿದ್ದರು. ಅವರು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡರು.

“ನಿನ್ನ ಹತ್ತಿರ ಕ್ಷಮೆ ಕೇಳಬೇಕಮ್ಮ. ನೀನು ತೆರೆದ ದಿನ ಇನ್ನಷ್ಟು ಬೇಕಾದೀತು ಅಂತ ನಾನೇ ನಾಲ್ಕು ಪೆಟ್ಟಿಗೆ ಕೊಯ್ದು ಕಳಿಸಿದೆ. ದಾರ ಮುಗಿದುಹೋಗಿತ್ತು. ಹೇಳೋಣ ಅಂದರೆ ಮೈ ಕೆಂಡದ ಹಾಗೆ ಸುಡುತ್ತಿತ್ತು, ಮಲಗಿಬಿಟ್ಟೆ. ನೀನು ವಾಪಸ್ ಕಳಿಸುತ್ತೀಯ ಅಂದುಕೊಂಡಿದ್ದೆ. ನನ್ನ ಹೆಸರು ಕೇಳಿಯೇ ನಂಬಿ ಇಳಿಸಿಕೊಂಡೆಯಂತೆ. ದೊಡ್ಡ ಮನಸ್ಸು.”

ದಿಲ್‌ಶಾದ್ ಅವರಿಗೆ ಚಹಾ ತರಿಸಿಕೊಟ್ಟಳು. ಅವರು ಹೋದ ಮೇಲೆ ಉಗ್ರಾಣದ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು. ಅತ್ತು ಹಗುರಾದಳು. ಸಂಜೆ ಕೆಲಸದವರಿಗೆಲ್ಲ ಸಿಹಿ ತರಿಸಿ ಹಂಚಿದಳು. ಯಾತಕ್ಕೆಂದು ಹೇಳಲಿಲ್ಲ. ಪುಂಡಲೀಕನಿಗೆ ಮಾತ್ರ, “ಅವತ್ತಿನದು ಗೌಸ್‌ಸಾಬರದೇ ಆಗಿತ್ತು” ಎಂದಳು. ಅವನು ಹೌದೇನ್ರಿ ಎಂದು ಸಿಹಿ ಬಾಯಿಗೆ ಹಾಕಿಕೊಂಡ. ಅವಳು ಖಾಲಾರ ಮನೆಯ ಮುಂದಿನ ದಾರಿಯಲ್ಲೇ ಮನೆಗೆ ಹೋದಳು. ಹೇಳುವಂಥದ್ದು ಇನ್ನೇನೂ ಉಳಿದಿಲ್ಲ ಎಂದುಕೊಂಡಳು.

ಹೋಟೆಲು ಚೆನ್ನಾಗಿ ನಡೆಯಿತು. ಮಳೆಗಾಲ ಕಳೆಯಿತು. ಒಂದು ದಿನ ಅವಳು ಮಗಳ ಕಾಲೇಜಿಗೆ ಹೋಗಿದ್ದು ಮಧ್ಯಾಹ್ನ ಬಂದಳು. ಸಾಲು ಎಂದಿನಂತೆಯೇ ಇತ್ತು. ಒಳಗೆ ಹೋಗಿ ನೋಡಿದರೆ ಗೋಡೆಯ ಬದಿಗೆ ಖಾಲಿ ಪೆಟ್ಟಿಗೆಗಳು ಒಂದರ ಮೇಲೊಂದು ಇದ್ದವು. ಕಡಿದು ಎಸೆದ ದಾರಕ್ಕಾಗಿ ಅವಳು ನೆಲವೆಲ್ಲ ಹುಡುಕಿದಳು. ದಾರ ಕಾಣಲಿಲ್ಲ.

“ಪುಂಡಲೀಕ, ಇವಕ್ಕೆ ದಾರ ಇತ್ತೇನು?”

“ಇರಲಿಲ್ರಿ.”

“ಮತ್ತೆ ನನ್ನನ್ನು ಯಾಕೆ ಕೇಳಲಿಲ್ಲ?”

ಅವನು ನಿಜವಾಗಿಯೂ ಅರ್ಥವಾಗದವನಂತೆ ನೋಡಿದ. ಅವನ ದನಿಯಲ್ಲಿ ಕಳ್ಳತನ ಇರಲಿಲ್ಲ.

“ಅವತ್ತೂ ಇರಲಿಲ್ಲಲ್ರಿ ಅಕ್ಕಾರ. ಅವತ್ತೂ ಸರಿನ ಇತ್ತಲ್ರಿ.”

ಅವಳು ಅಲ್ಲಿಯೇ ನಿಂತು ಗೌಸ್‌ಸಾಬರಿಗೆ ಫೋನು ಮಾಡಿದಳು. ಈ ಸಲ ಅವರು ಎತ್ತಿದರು. ಇವತ್ತು ತಾವು ಮಾಲನ್ನೇ ಕಳಿಸಿಲ್ಲ ಎಂದರು.

ಬೆಳಿಗ್ಗೆಯಿಂದ ಎಷ್ಟು ಜನ ತಿಂದಿದ್ದರೋ. ಇನ್ನೂ ಎಷ್ಟೋ ಜನ ತಿನ್ನುತ್ತ ಕೂತಿದ್ದರು. ಈಗಲೂ ಪಾತ್ರೆ ಒಳಗೆ ಸರಿಸಿ, ಮುಗಿಯಿತು ಎಂದು ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಅವಳಿಗೆ ಬಂತು. ಬಂದದ್ದು ಎಷ್ಟು ಸಲೀಸಾಗಿ ಎಂದರೆ ಅವಳಿಗೆ ತನ್ನ ಮೇಲೆಯೇ ಭಯವಾಯಿತು. ಗಾಜಿನ ಹಿಂದಿನಿಂದ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಟ್ಟು, ಸಾಲಿನ ಮುಂದೆ ಬಂದು ನಿಂತಳು.

“ಇವತ್ತು ಬಡಿಸಿದ ಕೋಳಿ ಗೌಸ್‌ಸಾಬರ ಕೈಯದಲ್ಲ. ಹಲಾಲ್ ಅಂತ ಬೋರ್ಡು ನೋಡಿ ತಿಂದವರಿಗೆ ನಾನು ಮೋಸ ಮಾಡಿದೆ. ತಪ್ಪು ಅಡುಗೆಯವನದಲ್ಲ. ಅವನಿಗೆ ಇದನ್ನು ಕಲಿಸಿದವಳು ನಾನು.”

ಒಬ್ಬರು ಬಟ್ಟಲು ದೂಡಿ ಎದ್ದರು. ಒಬ್ಬರು ಬಾಯಿ ತೊಳೆಯಲು ಹೋದರು. ಕೆಲವರು ಬಾಯಿಗೆ ಬಂದಂತೆ ಬೈದರು. ಕೆಲವರು ಅದನ್ನು ಲೆಕ್ಕಿಸದೆ ತಿನ್ನುವುದನ್ನು ಮುಂದುವರಿಸಿದರು. ಅವಳು ಎಲ್ಲರ ಮುಂದೆಯೂ ನಿಂತೇ ಇದ್ದಳು. ಕಂಪನಿಯವರು ಕೆಲವು ದಿನ ಬಾಗಿಲು ಮುಚ್ಚಿಸಿದರು. ತೆರೆದಾಗ ಸಾಲು ಇರಲಿಲ್ಲ. ಬಂದವರು ಸಹ ಗಾಜಿನ ಮುಂದೆ ನಿಂತು, ಇದು ಯಾರ ಕೈಯದು ಎಂದು ಕೇಳಿಯೇ ಬಟ್ಟಲು ಹಿಡಿಯುತ್ತಿದ್ದರು. ಅವಳು ಪ್ರತಿಯೊಬ್ಬರಿಗೂ ಉತ್ತರ ಕೊಟ್ಟಳು. ಪುಂಡಲೀಕನನ್ನು ಕೆಲಸದಿಂದ ತೆಗೆಯಲಿಲ್ಲ. ಹೋಟೆಲು ಉಳಿಯಿತು. ಆದರೆ ಮೊದಲಿನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಮರಳಲಿಲ್ಲ.

ಸಾಲಿನ ಮುಂದೆ ತಪ್ಪೊಪ್ಪಿಕೊಂಡ ಸಂಜೆಯೇ ಅವಳು ಖಾಲಾರ ಮನೆಗೆ ಹೋಗಿದ್ದಳು. ಅಂದು ನಡೆದದ್ದನ್ನು ಅವರು ಆಗಲೇ ಕೇಳಿದ್ದರು. ತೆರೆದ ದಿನದ್ದನ್ನು ಅವಳೇ ಹೇಳಿದಳು. ಆ ಮಾಂಸ ಗೌಸ್‌ಸಾಬರದೇ ಆಗಿತ್ತು, ನಿಮಗೆ ಯಾವ ದೋಷವೂ ತಟ್ಟಲಿಲ್ಲ ಎಂದೂ ಹೇಳಿದಳು.

“ನಾನು ಉಣ್ಣುವಾಗ ನೀನು ಕಂಬ ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದೆ. ಮುದುಕಿ ಬಂದಳಲ್ಲ ಅಂತ ಖುಷಿಗೆ ನೋಡುತ್ತಿದ್ದಾಳೆ ಅಂದುಕೊಂಡೆ” ಎಂದರು ಖಾಲಾ.

ಇಷ್ಟು ಹೇಳಿ ಉಸ್ತಾದರು ನಿಲ್ಲಿಸಿದರು.

ಶಿಷ್ಯ ಚಡಪಡಿಸಿದ. “ಎರಡನೆಯ ಸಲದ್ದು ತಪ್ಪೇ, ಒಪ್ಪಿದೆ, ಉಸ್ತಾದ್. ಆದರೆ ಮೊದಲ ದಿನದ ಮಾಂಸ ಶುದ್ಧವಾಗಿಯೇ ಇತ್ತಲ್ಲ? ಅದರಲ್ಲಿ ದೂರುವಂಥದ್ದು ಏನಿದೆ?” ಎಂದು ಕೇಳಿದ.

ಉಸ್ತಾದರು ಅವನ ಮುಖವನ್ನೇ ನೋಡುತ್ತ ಹೇಳಿದರು: “ಮಾಂಸದ ಮೇಲೆ ನನ್ನ ದೂರೇನೂ ಇಲ್ಲ.”

ಶಿಷ್ಯ ತಲೆ ತಗ್ಗಿಸಿದ.