ಎಂಜಿನ್ನಿನ ಹಸಿವು

ಮಲಪ್ರಭೆಯ ದಂಡೆಯ ಮೇಲೆ ನಿರ್ವಾಣಜ್ಜನ ಗ್ಯಾರೇಜು. ಶಿಷ್ಯರು ಅಲ್ಲೇ ಉಂಡು, ಅಲ್ಲೇ ಮಲಗಿ, ಬೆಳಗಾದರೆ ಗುರುವಿನ ಕಾಲಿಗೆ ಬಿದ್ದು ನಟ್ಟು ಬಿಚ್ಚುವ ಪಾನಾ ಹಿಡಿಯುತ್ತಿದ್ದರು. ಜನ ಅದನ್ನು ಆಶ್ರಮವೆಂದೇ ಕರೆದರು. ಅಜ್ಜ ಬೇಡ ಎನ್ನಲಿಲ್ಲ.

ಅಲ್ಲೊಂದು ಪದ್ಧತಿ ಇತ್ತು. ಕಲಿಕೆ ಮುಗಿಯಿತು ಎನಿಸಿದ ಶಿಷ್ಯನಿಗೆ ಅಜ್ಜ ಒಂದು ಕಾರು ಒಪ್ಪಿಸುತ್ತಿದ್ದರು. ಸರಿಮಾಡಿದರೆ ಸ್ವಂತ ಗ್ಯಾರೇಜು ತೆರೆಯಲು ಅಪ್ಪಣೆ. ಇಲ್ಲದಿದ್ದರೆ ಮತ್ತೆ ಪಂಕ್ಚರ್ ತಿದ್ದುವುದರಿಂದ ಶುರು.

ಕಲ್ಮೇಶನ ಸರದಿ ಬಂತು. ಕಾರು ನರ್ಸ್ ಗೌರವ್ವನದು. ಊರೂರು ತಿರುಗಿ ಹೆರಿಗೆ ನೋಡುವ ಹೆಂಗಸು. ಏರು ಬಂದರೆ ಸಾಕು, ಕಾರು ಗಡಗಡ ನಡುಗುತ್ತಿತ್ತು.

ಎಂಜಿನ್ನಿಗೆ ಪೆಟ್ರೋಲು ಚಿಮ್ಮುವ ನಾಲ್ಕು ಇಂಜೆಕ್ಟರುಗಳಲ್ಲಿ ಒಂದು ಕೆಟ್ಟಿರುವುದನ್ನು ಕಲ್ಮೇಶ ಬೇಗನೆ ಪತ್ತೆಹಚ್ಚಿದ. ಪೇಟೆಗೆ ಹೋಗಿ ಹೊಸದು ತಂದು ಹಾಕಿದ.

ಕಾರು ಮೊದಲಿಗಿಂತ ಜೋರಾಗಿ ನಡುಗಿತು. ಹಿಂದಿನಿಂದ ಕಪ್ಪು ಹೊಗೆಯನ್ನೂ ಬಿಟ್ಟಿತು.

"ಎಂಥಾದ್ದು ಹಾಕೀದಿ?" ಅಜ್ಜ ಕೇಳಿದರು.

"ಅಂಗಡ್ಯಾಗ ಇದ್ದದ್ರಾಗ ಭಾರೀದ್ದು, ಅಜ್ಜಾರ. ರೇಸ್ ಗಾಡಿಗೆ ಹಾಕೂದಂತ."

"ಗೌರವ್ವ ರೇಸಿಗೆ ಹೊಂಟಾಳೇನು?"

"ಅಲ್ರೀ, ವೈರಿನ ಪಿನ್ನು ಸರಿಯಾಗಿ ಕೂಡ್ತು. ಅದಕ್ಕ ತಂದೆ."

"ಗುಡಿ ಮುಂದಿನ ಚಪ್ಪಲಿನೂ ಕಾಲಿಗೆ ಕೂಡ್ತಾವ. ಹಾಕ್ಕೊಂಡು ಬರ್ತೀಯೇನು?"

ಕಲ್ಮೇಶ ತಲೆ ಕೆರೆದುಕೊಂಡ.

ಅಜ್ಜ ನಾಲ್ಕೂ ಇಂಜೆಕ್ಟರುಗಳನ್ನು ಬಿಚ್ಚಿಸಿದರು. ಒಂದೇ ಅಳತೆಯ ನಾಲ್ಕು ಗಾಜಿನ ಬಾಟಲಿಗಳ ಮೇಲೆ ಕೂರಿಸಿ ಎಣ್ಣೆ ಬಿಟ್ಟರು. ಮೂರು ಬಾಟಲಿಗಳು ಅರ್ಧ ತುಂಬುವಷ್ಟರಲ್ಲಿ ನಾಲ್ಕನೆಯದು ತುಂಬಿ ಹೊರಚೆಲ್ಲಿತು.

"ಇದರ ಜೋರು ನೋಡ್ರಿ, ಅಜ್ಜಾರ!"

"ಹೌದು. ನೆಲಾನೂ ಕುಡೀತು."

"ಹಂಗಾರ ಉಳಿದ ಮೂರೂ ಭಾರೀವು ತಂದುಬಿಡ್ಲೇನ್ರೀ?"

"ಎಂಜಿನ್ನಿನ ಹಸಿವು ಎಷ್ಟೈತಿ ಅಂತ ಕೇಳೀದಿ?"

ಕಲ್ಮೇಶ ತುಂಬಿದ ಬಾಟಲಿಯನ್ನು ಎತ್ತಿ ಪಕ್ಕಕ್ಕಿಟ್ಟ.

"ನಿಂದೆಷ್ಟೈತಿ ಅನ್ನೂದು ಮಾತ್ರ ಕಾಣಾಕತ್ತೈತಿ," ಎಂದು ಅಜ್ಜ ಕೈ ಒರೆಸಿಕೊಂಡರು.

ಕಲ್ಮೇಶನ ಮುಖ ಕೆಂಪಾಯಿತು. ನಿಜ ಹೇಳದೆ ಬೇರೆ ದಾರಿ ಇರಲಿಲ್ಲ.

"ಏರು ಹತ್ತುವಾಗ ಗಾಡಿ ಜಿಗೀಬೇಕು, ಗೌರವ್ವಕ್ಕ ಊರೂರಿಗೆ ನನ್ನ ಹೆಸರು ಹೇಳಬೇಕು ಅಂತ ಆಸೆ ಇತ್ರೀ."

ಅಜ್ಜ ನಕ್ಕು ಚಹಾ ಕುಡಿಯಲು ಎದ್ದುಹೋದರು.

ಕಲ್ಮೇಶ ಹಳೆಯ ಮೂರನ್ನೂ ತೊಳೆದ. ಕೆಟ್ಟ ಇಂಜೆಕ್ಟರನ್ನೂ ವಿದ್ಯುತ್ತು ಅಳೆಯುವ ಮೀಟರನ್ನೂ ಜೇಬಿಗಿಳಿಸಿ ಮತ್ತೆ ಪೇಟೆಗೆ ಹೋದ. ಕೆಟ್ಟದ್ದರ ಮೇಲೆ ಬರೆದಿದ್ದ ನಂಬರಿನದನ್ನೇ ಕೇಳಿದ. ಮೀಟರು ಹಚ್ಚಿ ನೋಡಿದರೆ ಅಳತೆ ಹಳೆಯದಕ್ಕೆ ಸರಿಹೊಂದಿತು. ತಂದು ಬಾಟಲಿಯ ಮೇಲಿಟ್ಟರೆ ಒಂದು ಕಡೆಗೇ ಸೊಟ್ಟಗೆ ಚಿಮ್ಮಿತು. ವಾಪಸು ಒಯ್ದ. ಅಂಗಡಿಯವನು ಬೈದುಕೊಳ್ಳುತ್ತಲೇ ಇನ್ನೊಂದು ಕೊಟ್ಟ.

ಈ ಸಲ ನಾಲ್ಕೂ ಬಾಟಲಿಗಳಲ್ಲಿ ಎಣ್ಣೆ ಒಂದೇ ಮಟ್ಟಕ್ಕೆ ನಿಂತಿತು. ಅವನಿಗೆ ತಾನೇ ಉಂಡಷ್ಟು ಸಂತೋಷವಾಯಿತು.

ಗೌರವ್ವ ಕಾರು ಒಯ್ದು, ತುಂಬು ಬಸುರಿಯೊಬ್ಬಳನ್ನು ಗುಡ್ಡದಾಚೆಯ ಆಸ್ಪತ್ರೆಗೆ ಬಿಟ್ಟು ಬಂದಳು.

"ಹ್ಯಾಂಗಾತ್ರೀ ಅಕ್ಕಾ?" ಕಲ್ಮೇಶ ಓಡಿಹೋಗಿ ಕೇಳಿದ.

"ಏನಾಗೂದೋ ತಮ್ಮಾ? ಏನೂ ಗೊತ್ತಾಗಲಿಲ್ಲ. ಆ ಹುಡುಗಿ ಏರಿನಾಗನ ನಿದ್ದಿ ಹೋದ್ಲು. ಅಲ್ಲಾ, ನೀ ಏನರ ಮಾಡೀಯೋ ಇಲ್ಲೋ?"

ಇಷ್ಟೆಲ್ಲ ಓಡಾಡಿದ್ದು ಯಾರಿಗೂ ಕಾಣಲೇ ಇಲ್ಲವಲ್ಲ. ನಾಳೆಯಿಂದ ಮತ್ತೆ ಪಂಕ್ಚರ್ ಎಂದು ಹೆದರಿ ಕಲ್ಮೇಶ ಗುರುವಿನ ಮುಖ ನೋಡಿದ.

ಅಜ್ಜ ಎಂಜಿನ್ ಚಾಲೂ ಇಡಿಸಿ ಬಾನೆಟ್ ಎತ್ತಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ ಮುಟ್ಟಿಸಿ, ಹಿಡಿಕೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿದರು. ಒಂದೊಂದರ ಟಿಕ್ ಟಿಕ್ ಸದ್ದನ್ನೂ ಕೇಳಿದರು. ಮತ್ತೆ ಮೊದಲಿನಿಂದ ಕೇಳಿದರು.

"ಹೊಸಾದು ಯಾವುದೋ?"

ಕಲ್ಮೇಶ ತೋರಿಸಲು ಬೆರಳು ಚಾಚಿದ. ಅಜ್ಜ ಅವನ ಕೈ ಹಿಡಿದರು.

"ತೋರಿಸಬ್ಯಾಡ. ನನಗ ತಿಳಿವಲ್ದು. ಹೋಗು, ನಿನ್ನ ಗ್ಯಾರೇಜು ತಗಿ."