ಕಡಲಾಚೆಯ ಯಜಮಾನ

"ಎರಕದ ಮನೆ ಕೊಂಡದ್ದಾಯಿತು. ಇನ್ನು ನಿಮ್ಮ ಕಚೇರಿಯಲ್ಲಿ ನೋಂದಣಿ ಬೇರೆ ಮಾಡಿಸಬೇಕೆ? ಕಡಲಾಚೆ ನಮ್ಮ ಕಂಪನಿಯ ಹೆಸರು ಹೇಳಿದರೆ ರಾಜರೇ ಎದ್ದು ನಿಲ್ಲುತ್ತಾರೆ!" ಎಂದು ಪರಂಗಿ ವ್ಯಾಪಾರಿ ಗೊನ್ಸಾಲು ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಕರಿಬೆಟ್ಟದ ದೊರೆ ಬಿಲ್ಲಪ್ಪ ನಾಯಕ ಸಿಟ್ಟು ನುಂಗಿಕೊಂಡ. "ನೋಡಪ್ಪಾ, ಅಲ್ಲಿ ತಯಾರಾಗುವುದು ಪಾತ್ರೆಪಗಡೆಯಲ್ಲ, ಫಿರಂಗಿ. ಹೊರಗಿನವರು ಕೊಂಡರೆ ಯಜಮಾನ ಯಾರೆಂದು ಬರೆಸಬೇಕು. ಅಪ್ಪಣೆಯಿಲ್ಲದೆ ಒಂದು ಫಿರಂಗಿಯೂ ಗಡಿ ದಾಟುವುದಿಲ್ಲ ಎಂದು ಮಾತು ಕೊಡಬೇಕು. ಇದು ಇಲ್ಲಿನ ಕಾನೂನು."

"ಯಜಮಾನರು ಕಡಲಾಚೆ ಇದ್ದಾರೆ ಪ್ರಭು. ನಾನು ಬರೀ ಆಳು. ಆಳು ಮಾತು ಕೊಟ್ಟರೆ ಏನು ಬೆಲೆ? ಅವರು ಬಂದಾಗ ಅವರನ್ನೇ ಕೇಳಿ."

"ಯಾವಾಗ ಬರುತ್ತಾರೆ?"

"ಗಾಳಿ ಕೂಡಿಬಂದಾಗ" ಎಂದು ಗೊನ್ಸಾಲು ನಗುತ್ತ ಹೊರಟೇಹೋದ.

ಸಭೆ ಮುಗಿದ ಮೇಲೆ ನಾಯಕ, ಜಾಣನೆಂದು ಹೆಸರಾಗಿದ್ದ ತನ್ನ ಆಸ್ಥಾನ ವಿದೂಷಕ ಕೋನಪ್ಪನನ್ನು ಕರೆದ.

"ಇವನು ಗುಟ್ಟಾಗಿ ನಮ್ಮ ಹಗೆಗಳಾದ ಆನೆಗುಡ್ಡದವರಿಗೆ ಫಿರಂಗಿ ಮಾರಿದರೆ, ನಮ್ಮೂರಲ್ಲೇ ಎರಕ ಹೊಯ್ದ ಗುಂಡು ನಮ್ಮ ಕೋಟೆಯನ್ನೇ ಒಡೆಯುತ್ತದೆ. ಗದರಿಸಿದರೆ ಕುಲುಮೆ ಆರಿಸಿ ಎದ್ದುಹೋಗುತ್ತಾನೆ, ನಮಗೂ ಫಿರಂಗಿ ಸಿಗದು. ಬೈಯದೆ, ಮುಟ್ಟದೆ, ಅವನೇ ಓಡಿಬಂದು ನೋಂದಣಿ ಮಾಡಿಕೊಳ್ಳಿ ಎಂದು ಗೋಗರೆಯುವಂತೆ ಮಾಡು. ಆಗದಿದ್ದರೆ ನಿನ್ನ ಜಾಗಕ್ಕೆ ನಿನ್ನ ಭಾವಮೈದುನನನ್ನು ತರುತ್ತೇನೆ."

ಕೋನಪ್ಪ ಕೈಮುಗಿದು ಹೊರಬಿದ್ದ. ಕೆಲಸ ಹೋದರೆ ಹೋಗಲಿ. ಆದರೆ ಆ ಭಾವಮೈದುನ ಹೇಳುವ ನಗೆಮಾತುಗಳಿಗೆ ಸಾವಿನ ಮನೆಯೂ ಇನ್ನಷ್ಟು ಸಪ್ಪೆಯಾಗುತ್ತಿತ್ತು. ಅವನೆದುರು ತಲೆ ಎತ್ತಿ ಊಟ ಮಾಡುವುದು ಹೇಗೆ? ಮನೆ ತಲುಪುವವರೆಗೂ ತಲೆ ಕೆರೆದುಕೊಂಡ. ಹೆಂಡತಿ ಬಡಿಸಿದ ಅನ್ನವನ್ನು ಎರಡು ತುತ್ತು ನುಂಗಿದವನು ಒಮ್ಮೆಲೇ ನಕ್ಕ.

ಬೆಳಿಗ್ಗೆ ಊರಲ್ಲಿ ಡಂಗುರ ಸಾರಿದರು: "ಎರಕದ ಮನೆಯ ಯಜಮಾನ ಊರಲ್ಲಿಲ್ಲ! ಅಂಗಳ ಬೇಕಾದವರು ಬಳಸಿಕೊಳ್ಳಬಹುದು! ಯಜಮಾನನ ಅಪ್ಪಣೆ ಕೇಳುವ ಕೆಲಸ ಕೋನಪ್ಪನವರದು!"

ಮಧ್ಯಾಹ್ನ ಗೊನ್ಸಾಲು ಬಂದು ನೋಡುತ್ತಾನೆ: ಸಾಲಾಗಿ ನಿಲ್ಲಿಸಿದ್ದ ಫಿರಂಗಿಗಳ ಮೇಲೆ ಸಂಡಿಗೆ ಒಣಗುತ್ತಿದೆ. ಕುಲುಮೆಯ ಪಕ್ಕದಲ್ಲಿ ಮೇಕೆಗಳು ಮಲಗಿವೆ. ಹೊಸ ಫಿರಂಗಿಯೊಂದರ ಬಾಯೊಳಗೆ ಕೋಳಿ ಕಾವಿಗೆ ಕೂತಿದೆ.

"ಏಳಿ! ತೆಗೆಯಿರಿ ಇದನ್ನೆಲ್ಲ!"

ಸಂಡಿಗೆ ಕಾಯುತ್ತಿದ್ದ ಸಂಕವ್ವ ಕೂತಲ್ಲಿಂದ ಅಲುಗಲಿಲ್ಲ. "ನೀನ್ಯಾರಪ್ಪ ಹೇಳೋಕೆ? ನೀನು ಆಳಂತಲ್ಲ. ನನಗೂ ಮನೆ ತುಂಬ ಆಳುಗಳಿದ್ದಾರೆ, ಒಬ್ಬರೂ ಹೀಗೆ ಕಿರುಚಲ್ಲ."

ಗೊನ್ಸಾಲು ಕೋಳಿಗೆ ಕೈ ಹಾಕಿದ. ಕೋಳಿ ಕುಕ್ಕಿತು. ಬೆರಳು ಚೀಪುತ್ತಲೇ ಅರಮನೆಗೆ ಓಡಿದ.

"ಪ್ರಭು, ಅನ್ಯಾಯ! ನನ್ನ ಫಿರಂಗಿಗಳ ಮೇಲೆ ಸಂಡಿಗೆ! ಯಾರ ಅಪ್ಪಣೆ ಇದಕ್ಕೆ?"

ಕೋನಪ್ಪ ವಿನಯದಿಂದ ಎದ್ದುನಿಂತ. "ತಮ್ಮ ಯಜಮಾನರದ್ದೇ ಸ್ವಾಮಿ. ಮುಂಜಾನೆ ಬೆಟ್ಟ ಹತ್ತಿ, ಕಡಲ ಕಡೆ ತಿರುಗಿ, ಗಂಟಲು ಹರಿಯುವಂತೆ ಕೂಗಿ ಕೇಳಿದೆ. ಅವರು ಬೇಡ ಅನ್ನಲಿಲ್ಲ."

ಸಭೆ ಗೊಳ್ಳೆಂದಿತು.

"ಕಡಲಾಚೆಗೆ ಅದು ಕೇಳುತ್ತದೆಯೇ?" ಗೊನ್ಸಾಲು ಕಾಲು ನೆಲಕ್ಕೆ ಬಡಿದ.

"ಕೇಳುವುದಿಲ್ಲವೇ? ಹಾಗಾದರೆ ನಮ್ಮ ಕಾನೂನನ್ನು ಅವರಿಗೆ ಹೇಗೆ ಕೇಳಿಸೋಣ?"

"ಅವರ ಮಾತು ಬಿಡಿ! ಇಲ್ಲಿ ಯಜಮಾನ ನಾನೇ! ನಾನೊಬ್ಬನೇ!"

"ಇನ್ನೊಮ್ಮೆ ಹೇಳಿ ಸ್ವಾಮಿ, ಕರಣಿಕರಿಗೆ ಕಿವಿ ಮಂದ."

"ನಾನೇ ಯಜಮಾನ! ಬೇಗ ಬರೆದುಕೊಳ್ಳಿ, ದಮ್ಮಯ್ಯ! ಕೋಳಿ ಮರಿ ಮಾಡಿಬಿಡುತ್ತದೆ!"

ಕರಣಿಕರು ಬರೆದುಕೊಂಡರು. ಒಂದು ಫಿರಂಗಿಯೂ ಅಪ್ಪಣೆಯಿಲ್ಲದೆ ಗಡಿ ದಾಟದು ಎಂಬ ಮಾತಿನ ಕೆಳಗೆ ಗೊನ್ಸಾಲು ತುಂಬಿದ ಸಭೆಯಲ್ಲೇ ಮುದ್ರೆ ಒತ್ತಿದ. ಆಮೇಲೆ ಸಂಕವ್ವ ಸಂಡಿಗೆ ಬಾಚಿಕೊಂಡು ಹೋದಳು.

ನಾಯಕ ತನ್ನ ಹೆಗಲ ಶಾಲನ್ನೇ ಕೋನಪ್ಪನಿಗೆ ಹೊದಿಸಿ ಕೇಳಿದ: "ಅಲ್ಲಯ್ಯ, ನಾಳೆ ನಿಜವಾದ ಯಜಮಾನ ಹಡಗಿನಿಂದ ಇಳಿದು, ಇದೆಲ್ಲ ನನಗೆ ಒಪ್ಪಿಗೆಯಿಲ್ಲ ಅಂದರೆ?"

"ಅನ್ನಲಿ ಪ್ರಭು. ಮೊದಲು ಗೊನ್ಸಾಲುವಿನ ಹತ್ತಿರ ರಜೆ ಕೇಳಿಕೊಂಡು ಬಾ ಎನ್ನೋಣ. ನಮ್ಮ ಕಡತದ ಪ್ರಕಾರ ಇವನೇ ಯಜಮಾನ, ಅವನು ಬರೀ ಆಳು!"